ಒಂದು ವರ್ಷ ತುಂಬದವಳು

ನನಗೆ ಕೆಲಸ ಸಿಕ್ಕ ವಾರ ಅಪ್ಪ ಅಂಗಡಿಗೆ ಬಂದವರನ್ನೆಲ್ಲ ಕೂರಿಸಿಕೊಂಡು, "ನಮ್ ಮಗಳು ಯೂನಿವರ್ಸಿಟಿ ಸೇರ್ಕೊಂಡ್ಳು ಕಣ್ರೀ" ಎಂದು ಹೇಳಿದ್ದೇ ಹೇಳಿದ್ದು. ಅರಸೀಕೆರೆಯ ಕೊಬ್ಬರಿ ವ್ಯಾಪಾರಿಗಳಿಗೆ ಯೂನಿವರ್ಸಿಟಿ ಎಂದರೆ ಎಲ್ಲೋ ದೂರದ ದೊಡ್ಡ ಕಟ್ಟಡ. ನಾನು ಸೇರಿದ್ದು ಕಣಕಟ್ಟೆ ರಸ್ತೆಯಲ್ಲಿ, ತೆಂಗಿನ ತೋಟದ ನಡುವೆ ಶೀಟು ಹೊದಿಸಿದ ಎರಡು ಕೋಣೆಗಳಿಗೆ. ಮುಂದುಗಡೆ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಎಂದು ಹಲಗೆ ಹಾಕಿದ್ದರು. ಸುತ್ತಲಿನ ರೈತರು ಅದನ್ನು ಹುಳದ ಮನೆ ಎನ್ನುತ್ತಿದ್ದರು. ಅವರಿಟ್ಟ ಹೆಸರೇ ಸರಿಯಾಗಿತ್ತು.

ಅಲ್ಲಿ ನಾವು ನಿಜಕ್ಕೂ ಹುಳ ಸಾಕುತ್ತಿದ್ದೆವು. ತೆಂಗಿನ ಗರಿಯನ್ನು ಕೆರೆದು ತಿಂದು ಇಡೀ ತೋಟವನ್ನೇ ಸುಟ್ಟ ಹಾಗೆ ಮಾಡುವ ಕಪ್ಪು ತಲೆ ಹುಳುವಿಗೆ ಒಂದು ಶತ್ರು ಇದೆ, ಇರುವೆಯಷ್ಟಿರುವ ಕರಿಯ ಕಣಜ. ಅದನ್ನು ಗಾಜಿನ ಕೊಳವೆಗಳಲ್ಲಿ ಬೆಳೆಸಿ ಸಂಜೆ ಹೊತ್ತು ತೋಟಗಳಿಗೆ ಬಿಡಬೇಕು. ಯಾವ ಕಾಲದಲ್ಲಿ ಬಿಟ್ಟರೆ ಎಷ್ಟು ಫಲ ಎಂದು ನೋಡುವುದು ನಮ್ಮ ಸಂಶೋಧನೆ. ಆ ಕಣಜಕ್ಕೆ ಆಹಾರವಾಗಿ ಇನ್ನೊಂದು ಹುಳ ಬೇಕು. ಅದಕ್ಕಾಗಿ ಜೋಳದ ನುಚ್ಚು ತುಂಬಿದ ಡಬ್ಬಗಳಲ್ಲಿ ಒಂದು ಜಾತಿಯ ಪತಂಗ ಸಾಕುತ್ತಿದ್ದೆವು. ಮುಚ್ಚಳ ತೆಗೆದರೆ ಸಾಕು, ಪತಂಗಗಳ ರೆಕ್ಕೆಯ ಹುಡಿ ಒಲೆಯ ಬೂದಿಯ ಹಾಗೆ ಏಳುತ್ತಿತ್ತು. ಕಿಟಕಿ ತೆರೆಯುವಂತಿರಲಿಲ್ಲ, ಪತಂಗ ಹಾರಿಹೋಗುತ್ತವೆ. ಹುಡಿಯೆಲ್ಲ ಒಳಗಿದ್ದವರ ಮೂಗಿಗೇ ಹೋಗುತ್ತಿತ್ತು.

ಆ ಕೋಣೆಯಲ್ಲಿ ನನಗಿಂತ ಬಹಳ ವರ್ಷ ಮೊದಲಿನಿಂದ ಇದ್ದವಳು ಅಕ್ಕ. ಒಡಹುಟ್ಟಿದ ಅಕ್ಕನಲ್ಲ. ಮೊದಮೊದಲು ಮೇಡಂ ಎಂದೇ ಕರೆಯುತ್ತಿದ್ದೆ, ನೀವು ತಾವು ಎನ್ನುತ್ತಿದ್ದೆ. ಒಂದು ದಿನ ಅವಳ ಡಬ್ಬಿಯ ರಾಗಿ ರೊಟ್ಟಿ ತಿನ್ನುತ್ತ ಬಾಯಿ ತಪ್ಪಿ "ಅಕ್ಕ, ಇನ್ನೊಂಚೂರು ಕೊಡು" ಎಂದುಬಿಟ್ಟೆ. ಆಮೇಲೆ ಅದೇ ಖಾಯಂ ಆಯಿತು. ಅಕ್ಕ ಹುಳಗಳ ಮೇಲೆ ಡಾಕ್ಟರೇಟ್ ಮಾಡಿದ್ದವಳು. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಿಂದ ದಿನಾ ಬೆಳಿಗ್ಗೆ ಜಾವಗಲ್ ಮೇಲೆ ಬರುವ ಬಸ್ಸು ಹತ್ತಿ ಬರುತ್ತಿದ್ದಳು. ಅವಳ ಗಂಡ ಹಳೇಬೀಡಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು. ಇಬ್ಬರೇ ಇದ್ದರು. ಅಕ್ಕ ಜೋರಾಗಿ ನಗುತ್ತಿದ್ದಳು, ನಕ್ಕರೆ ಕೆಮ್ಮು ಬರುತ್ತಿತ್ತು, ಕೆಮ್ಮು ನಿಂತ ಮೇಲೆ ನಗು ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸುತ್ತಿದ್ದಳು.

ನಾವಿಬ್ಬರೂ ಯೋಜನೆಯ ಮೇಲಿದ್ದ ಗುತ್ತಿಗೆ ಸಂಶೋಧಕರು. ನಮ್ಮಂಥವರಿಗೆ ಒಂದು ಪದ್ಧತಿ ಇತ್ತು. ಮೂರು ತಿಂಗಳಾಗುತ್ತಿದ್ದಂತೆ ಒಂದು ದಿನ ಕೆಲಸದಿಂದ ತೆಗೆಯುತ್ತಿದ್ದರು. ಅದಕ್ಕೆ ಬ್ರೇಕ್ ಎಂದು ಹೆಸರು. ಮಾರನೇ ದಿನ ಹೊಸದಾಗಿ ಸೇರಿಸಿಕೊಂಡ ಹಾಗೆ ಆದೇಶ ಬರುತ್ತಿತ್ತು. ಹೀಗೆ ಮಾಡಿದರೆ ಎಷ್ಟು ವರ್ಷ ದುಡಿದರೂ ಸತತ ಒಂದು ವರ್ಷದ ಸೇವೆ ಯಾರಿಗೂ ಆಗುವುದಿಲ್ಲ. ಒಂದು ವರ್ಷವಾಗದಿದ್ದರೆ ಹೆರಿಗೆ ರಜೆ ಇಲ್ಲ, ಆಸ್ಪತ್ರೆ ಖರ್ಚಿನ ವಿಮೆ ಇಲ್ಲ, ನಾಳೆ ಬರಬೇಡಿ ಎಂದರೆ ಕೇಳುವ ಹಾಗೂ ಇಲ್ಲ. ಅಪ್ಪನಿಗೆ ಇದನ್ನು ವಿವರಿಸಿದಾಗ ಅವರು, "ನಮ್ ಮಂಡಿ ಹಮಾಲರಿಗೂ ಹಿಂಗ್ ಮಾಡಲ್ಲ ಕಣಮ್ಮ" ಎಂದರು.

ಮನುಷ್ಯರಿಗೆ ಬ್ರೇಕ್ ಕೊಡಬಹುದು, ಹುಳಕ್ಕೆ ಕೊಡುವುದು ಹೇಗೆ? ಒಂದು ದಿನ ಆಹಾರ ತಪ್ಪಿದರೆ ಕಣಜ ಸಾಯುತ್ತವೆ, ತಿಂಗಳ ಕೆಲಸ ಮಣ್ಣುಪಾಲು. ಹಾಗಾಗಿ ಬ್ರೇಕ್ ದಿನವೂ ನಾವು ಬರುತ್ತಿದ್ದೆವು. ಮುಂದಿನ ಗೇಟಿನಿಂದಲ್ಲ, ಹಿಂದಿನ ತೋಟದ ಬೇಲಿ ದಾಟಿ. ಹಾಜರಿ ಹಾಕುತ್ತಿರಲಿಲ್ಲ. ಆ ದಿನಕ್ಕೆ ಅಕ್ಕ ಅಮಾವಾಸ್ಯೆ ಎಂದು ಹೆಸರಿಟ್ಟಿದ್ದಳು. "ನಾಳೆ ನಿಂದು ಅಮಾವಾಸ್ಯೆ ಅಲ್ವೇನೇ?" ಎಂದು ಕೇಳುತ್ತಿದ್ದಳು. ಯಾರಾದರೂ ಮೇಲಿನವರು ಫೋನ್ ಮಾಡಿದರೆ, "ಇವತ್ತು ನಾವು ಬಂದಿಲ್ಲ ಸಾರ್, ಮನೇಲಿದೀವಿ" ಎಂದು ಹುಳದ ಕೋಣೆಯಲ್ಲೇ ನಿಂತು ಹೇಳುವುದು ನಮಗೆ ಅಭ್ಯಾಸವಾಗಿಬಿಟ್ಟಿತ್ತು. ನಮ್ಮ ಮುಖ್ಯಸ್ಥರಿಗೂ ಇದು ಗೊತ್ತಿತ್ತು. ಆದರೆ ಬ್ರೇಕ್ ದಿನ ದುಡಿಸಿಕೊಂಡರೆಂದು ಹೊರಗೆ ಬಿದ್ದರೆ ವಿಚಾರಣೆ ಅವರ ಮೇಲೇ ಬರುತ್ತಿತ್ತು. ಕಣ್ಣಿದ್ದೂ ಕುರುಡರಾಗಿದ್ದರು, ಪಾಪ, ಕೆಟ್ಟವರೇನಲ್ಲ.

ನಾನು ಸೇರಿ ಕೆಲವು ವರ್ಷವಾದ ಮೇಲೆ ಅಕ್ಕನ ಕೆಮ್ಮು ಬೇರೆ ಥರ ಆಯಿತು. ಬಸ್ ಸ್ಟ್ಯಾಂಡಿನಿಂದ ನಡೆದು ಬಂದವಳು ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದಳು. ಹಾಸನದ ಡಾಕ್ಟರು ನೋಡಿ, ನೀವು ಎಂಥ ಧೂಳಿನಲ್ಲಿ ಕೆಲಸ ಮಾಡುತ್ತೀರಿ ಎಂದು ಕೇಳಿದರಂತೆ. ಪತಂಗದ ಹುಡಿ ಎದೆಯೊಳಗೆ ಕೂತಿತ್ತು. ಕೋಣೆ ಬಿಡಿ ಎಂದರು. ಬಿಟ್ಟು ಮಾಡುವುದೇನು? ಬೇರೆ ಕೆಲಸ ಕೊಡಿ ಎಂದು ಕೇಳುವ ಹಕ್ಕು ವರ್ಷ ತುಂಬಿದವರಿಗೆ ಮಾತ್ರ. ಅಷ್ಟು ವರ್ಷ ಆ ಕೋಣೆಯಲ್ಲಿದ್ದವಳಿಗೆ ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಒಂದು ವರ್ಷ ಆಗಿರಲಿಲ್ಲ.

ಅಂಥ ಹೊತ್ತಿಗೆ ಆ ಸುತ್ತೋಲೆ ಬಂತು. ಯಾವುದೋ ವಿದೇಶಿ ಒಪ್ಪಂದಕ್ಕೆ, ಯಾವುದೋ ಶ್ರೇಯಾಂಕಕ್ಕೆ ಬೇಕಾಗಿತ್ತಂತೆ, ವಿಶ್ವವಿದ್ಯಾಲಯದಲ್ಲಿ ಸಂಶೋಧಕರ ಮಾನವ ಸಂಪನ್ಮೂಲ ಗುಣಮಟ್ಟವನ್ನು ಸುಧಾರಿಸುವ ಸಮಿತಿ ಮಾಡಿದ್ದರು. ಪ್ರತಿ ಕೇಂದ್ರದಿಂದ ಒಬ್ಬ ಸಂಶೋಧಕರ ಪ್ರತಿನಿಧಿ ಬೇಕು, ನಿಯಮಗಳ ಕರಡನ್ನು ಅವರೇ ಸೂಚಿಸಬೇಕು. ನಮ್ಮಲ್ಲಿ ಅಕ್ಕನನ್ನು ಬಿಟ್ಟರೆ ಇನ್ಯಾರು? ನಾನು ಓದಿ ಮೇಜಿನ ಮೇಲೆ ಎಸೆದೆ. "ಇದೆಲ್ಲ ಕಾಫಿ ಬಿಸ್ಕತ್ತಿನ ಸಮಿತಿ ಅಕ್ಕ. ನಮ್ಮ ಹೆಸರಲ್ಲಿ ಒಂದು ಫೋಟೋ ತೆಗೆಸ್ಕೋತಾರೆ ಅಷ್ಟೆ" ಎಂದೆ.

"ಕೇಳಿದ್ರೂ ಕೊಡಲ್ಲ ಅಂತ ಬೈತಿದ್ದೆ. ಈಗ ಕೇಳಿ ಅಂತಾವ್ರೆ, ಅದಕ್ಕೂ ಬೈತೀಯಲ್ಲೇ. ನಿನ್ ಬಾಯಿಗೆ ರಜೆ ಅನ್ನೋದೇ ಇಲ್ಲ" ಎಂದು ಅಕ್ಕ ನಕ್ಕಳು. ಕೆಮ್ಮಿದಳು.

ಅವಳು ಅದನ್ನು ಮಗುವಿಗೆ ತೊಟ್ಟಿಲು ಕಟ್ಟುವ ಹಾಗೆ ಮಾಡಿದಳು. ಬಸ್ಸಿನಲ್ಲಿ ಬರುತ್ತ ಹೋಗುತ್ತ ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆದಳು. ಹುಳ ಸಾಕುವ ಕೋಣೆಗಳಿಗೆಲ್ಲ ಗಾಳಿ ಹೊರಗೆಳೆಯುವ ಫ್ಯಾನು ಇರಬೇಕು. ಮಾಸ್ಕು ಕೊಡಬೇಕು. ಬ್ರೇಕ್ ಪದ್ಧತಿ ನಿಲ್ಲಬೇಕು. ಗರ್ಭಿಣಿಯರಿಗೆ ರಜೆ ಕೊಡಬೇಕು. ಸಂಶೋಧನೆ ಮಾಡಿದವರ ಹೆಸರು ಪ್ರಬಂಧದಲ್ಲಿ ಬರಬೇಕು. ಪ್ರತಿ ವರ್ಷ ಎಲ್ಲರ ಶ್ವಾಸಕೋಶದ ಪರೀಕ್ಷೆ ಆಗಬೇಕು. ಕೆಲಸದ ಸ್ಥಳದ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಗೆ ವಿಮೆಯಲ್ಲಿ ಪೂರ್ಣ ಚಿಕಿತ್ಸೆ ಇರಬೇಕು. ಕೆಲಸದಿಂದಲೇ ಕಾಯಿಲೆ ಬಂದಿದ್ದರೆ ಅವರನ್ನು ಆ ಕೋಣೆಗೆ ಮತ್ತೆ ಕಳಿಸಕೂಡದು, ಬೇರೆ ಕೆಲಸ ಕೊಡಬೇಕು. ಈ ಕೊನೆಯದನ್ನು ಓದಿ ಹೇಳುವಾಗ ಅವಳ ಮುಖ ನೋಡಿದೆ. ತನಗಾಗಿಯೇ ಬರೆದುಕೊಂಡಿದ್ದಳು, ನಾಚಿಕೊಂಡು ಬರೆದಿದ್ದಳು.

ಸಮಿತಿಯ ಸಭೆ ಬೇಲೂರಿನಲ್ಲಿ ನಡೆಯಿತು. ಬೇಲೂರೇ ಯಾಕೆ ಎಂದರೆ, ಊಟವಾದ ಮೇಲೆ ಎಲ್ಲರಿಗೂ ದೇವಸ್ಥಾನ ತೋರಿಸಬಹುದಲ್ಲ. ಒಂದು ಕಲ್ಯಾಣ ಮಂಟಪದ ಮೇಲಿನ ಹಾಲಿನಲ್ಲಿ ಕುರ್ಚಿ ಹಾಕಿದ್ದರು. ಅಕ್ಕನ ಜೊತೆಗೆ ನಾನೂ ಹೋಗಿದ್ದೆ, ಅವಳು ಮೆಟ್ಟಿಲು ಹತ್ತುವಾಗ ಒಬ್ಬರು ಬೇಕಾಗಿತ್ತು. ನಮ್ಮ ಮುಖ್ಯಸ್ಥರೂ ಬಂದು ಎದುರು ಸಾಲಿನಲ್ಲಿ ಕೂತರು. ಸಮಿತಿಯ ಅಧ್ಯಕ್ಷೆ ವಯಸ್ಸಾದ ಪ್ರೊಫೆಸರು, ಕಣ್ಣಲ್ಲಿ ಕಣ್ಣಿಟ್ಟು ಕೇಳಿಸಿಕೊಳ್ಳುವವರು. ಅಕ್ಕ ಮಾತಾಡಿದಳು. ಅಲ್ಲಲ್ಲಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿ, ಹೆಚ್ಚು ಕಡಿಮೆ ಇಲ್ಲದ ಹಾಗೆ, ಒಂದೊಂದೇ ಹೇಳಿದಳು. ಮುಗಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅಧ್ಯಕ್ಷೆ ಕನ್ನಡಕ ತೆಗೆದು ಒರೆಸಿಕೊಂಡು, ಇದನ್ನು ಮಾಡಿಯೇ ಮಾಡುತ್ತೇವೆ ಎಂದರು. ನನ್ನಂಥ ಅನುಮಾನದವಳಿಗೂ ನಂಬಿಕೆ ಬಂತು.

ಆಗ ಆಡಳಿತ ವಿಭಾಗದ ಅಧಿಕಾರಿಯೊಬ್ಬರು ಎದ್ದರು. ಅವರೂ ಒಳ್ಳೆಯದಕ್ಕೇ ಕೇಳಿದರು. "ಮೇಡಂ, ಬ್ರೇಕ್ ಮುಂದಕ್ಕೆ ನಿಲ್ಲಿಸೋದು ಸುಲಭ. ಹಿಂದಿನ ವರ್ಷಗಳನ್ನ ಸೇವೆ ಅಂತ ಹಿಡೀಬೇಕಾದ್ರೆ ಒಂದು ಆಧಾರ ಬೇಕು. ಬ್ರೇಕ್ ದಿನಗಳಲ್ಲೂ ನೀವು ಕೆಲಸಕ್ಕೆ ಬಂದಿದ್ರೆ ಅದು ಬ್ರೇಕೇ ಅಲ್ಲ ಅಂತ ನಾನು ಬರೀಬಹುದು. ಬರ್ತಿದ್ರಾ?"

ಅಕ್ಕ ಹೂಂ ಎಂದರೆ ಸಾಕು. ಅಷ್ಟೂ ವರ್ಷ ಒಂದೇ ಸಲಕ್ಕೆ ಅವಳ ಹೆಸರಿಗೆ ಬರುತ್ತಿದ್ದವು.

"ಇಲ್ಲ ಸಾರ್" ಎಂದಳು ಅಕ್ಕ. "ಬ್ರೇಕ್ ದಿನ ನಾವು ಬರ್ತಿರಲಿಲ್ಲ. ಮನೇಲಿರ್ತಿದ್ವಿ."

ನಾನು ಎದ್ದು ನಿಂತೆ. "ಬರ್ತಿದ್ವಿ ಸಾರ್. ಎಲ್ಲಾ ಬ್ರೇಕಲ್ಲೂ ಬಂದಿದೀವಿ. ಹುಳಕ್ಕೆ ಯಾರು ಹಾಕ್ತಿದ್ರು ಮತ್ತೆ?" ಎಂದೆ. ಅಧಿಕಾರಿ ನನ್ನನ್ನು ನೋಡಿ, ಅಕ್ಕನನ್ನು ನೋಡಿ, "ಏನ್ ಮೇಡಂ?" ಎಂದರು. ಅಕ್ಕ ನನ್ನ ಸೆರಗು ಜಗ್ಗಿ ಕೂರಿಸಿ, "ಅವಳು ಹೊಸಬಳು ಸಾರ್, ಗೊತ್ತಿಲ್ಲ" ಎಂದಳು. ಬೇರೆ ಕೇಂದ್ರಗಳಿಂದ ಬಂದಿದ್ದ ಸಂಶೋಧಕರೆಲ್ಲ ನೆಲ ನೋಡುತ್ತಿದ್ದರು. ಅವರೂ ನಮ್ಮ ಹಾಗೆಯೇ ಬೇಲಿ ದಾಟಿ ಬರುತ್ತಿದ್ದವರೇ ಇರಬೇಕು. ಅಧಿಕಾರಿ ಏನೋ ಬರೆದುಕೊಂಡು ಕುಳಿತರು. ನಮ್ಮ ಮುಖ್ಯಸ್ಥರು ಹಣೆಯ ಬೆವರು ಒರೆಸಿಕೊಂಡರು.

ಎಲ್ಲರೂ ದೇವಸ್ಥಾನಕ್ಕೆ ಹೋದರು. ನಾವು ಬಸ್ ಸ್ಟ್ಯಾಂಡಿಗೆ ಬಂದೆವು. ಹಳೇಬೀಡಿನ ಬಸ್ಸಿನಲ್ಲಿ ಕೂತ ಮೇಲೆ ನಾನು ಅತ್ತೆ. ಸಿಟ್ಟು ಬಂದರೆ ನನಗೆ ಅಳು ಬರುತ್ತದೆ. "ನೀನ್ಯಾಕೆ ಹಂಗಂದೆ ಅಕ್ಕ? ತಟ್ಟೆಗೆ ಬಡಿಸಿದ್ದನ್ನ ಕಾಲಲ್ಲಿ ಒದ್ದಂಗಾಯ್ತಲ್ಲ" ಎಂದೆ.

ಅಕ್ಕ ಬರೆದ ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿದಳು. "ಬೇಕಂತ ಅಂದಿದ್ದಲ್ಲ ಕಣೇ. ಬಂದಿದ್ರಾ ಅಂತ ಕೇಳಿದ್ ತಕ್ಷಣ ಬಾಯಿಗೆ ಅದೇ ಬಂತು. ಎಷ್ಟು ವರ್ಷದಿಂದ ಅದನ್ನೇ ಹೇಳಿದೀನಿ. ಹೇಳಿದ್ಮೇಲೆ ಅಯ್ಯೋ ಅನ್ನಿಸ್ತು. ಅಷ್ಟೊತ್ತಿಗೆ ನಮ್ ಸಾರ್ ಮುಖ ಕಾಣಿಸ್ತು. ಇನ್ನೇನು ರಿಟೈರ್ ಆಗೋರು. ಈಗ ಮಾತು ಬದಲಾಯಿಸಿದ್ರೆ ಅವರ ಗತಿ ಏನು ಅನ್ನಿಸ್ತು." ಕಿಟಕಿಯ ಸರಳು ಹಿಡಿದು ಉಸಿರು ತೆಗೆದುಕೊಂಡಳು. "ಹೋಗ್ಲಿ ಬಿಡು. ಬ್ರೇಕ್ ನಿಲ್ಲುತ್ತೆ ಅಂದ್ರಲ್ಲ. ಇಲ್ಲಿಂದ ಒಂದು ವರ್ಷ ಎಣಿಸಿದ್ರಾಯ್ತು."

ಹೇಳಿದಂತೆ ನಿಯಮಗಳು ಬಂದವು, ಅದೂ ಅಂದುಕೊಂಡದ್ದಕ್ಕಿಂತ ಬೇಗ. ನಾನು ಕಾಫಿ ಬಿಸ್ಕತ್ತು ಎಂದಿದ್ದೆನಲ್ಲ, ನನ್ನ ನಾಲಗೆಯನ್ನು ನಾನೇ ಕಚ್ಚಿಕೊಂಡೆ. ಬ್ರೇಕ್ ರದ್ದಾಯಿತು. ಒಂದು ದಿನ ವ್ಯಾನಿನಲ್ಲಿ ಎರಡು ದೊಡ್ಡ ಫ್ಯಾನು ಬಂದು ಗೋಡೆ ಒಡೆದು ಕೂರಿಸಿದರು. ಮಾಸ್ಕಿನ ಪೆಟ್ಟಿಗೆ ಬಂತು. ಫ್ಯಾನು ಹಾಕಿದ ದಿನ ಅಕ್ಕ ಅದರ ಕೆಳಗೆ ನಿಂತು ಹುಡಿಯೆಲ್ಲ ಹೊರಗೆ ಹೋಗುವುದನ್ನು ನೋಡುತ್ತಿದ್ದಳು. "ನೋಡೇ, ಹೆಂಗೆ ಎಳೀತೈತೆ" ಎಂದಳು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ನನ್ನ ಗಂಟಲವರೆಗೂ ಬಂದಿತ್ತು. ಅವಳ ಸಂತೋಷ ನೋಡಿ ನುಂಗಿಕೊಂಡೆ.

ಹೊಸ ನಿಯಮದ ಪ್ರಕಾರ ಎಲ್ಲರಿಗೂ ಹೊಸ ಆದೇಶ ಕೊಡಬೇಕಿತ್ತು. ಆದೇಶಕ್ಕೆ ಮೊದಲು ವೈದ್ಯಕೀಯ ಪರೀಕ್ಷೆ. ನಾವಿಬ್ಬರೂ ಒಟ್ಟಿಗೆ ಹಾಸನಕ್ಕೆ ಹೋಗಿ ಉಸಿರಿನ ಬಲ ಅಳೆಯುವ ಕೊಳವೆಯೊಳಗೆ ಊದಿ ಬಂದೆವು. ಅಕ್ಕ ಊದುವಾಗ ಯಂತ್ರದವನು ಮತ್ತೆ ಮತ್ತೆ ಊದಿಸಿದ. ಕೊನೆಗೆ ಸಾಕು ಬಿಡಿ ಎಂದ. ಅವಳ ವರದಿಯಲ್ಲಿ, ಈಕೆ ಹುಳ ಸಾಕುವ ಕೋಣೆಯಲ್ಲಿ ಕೆಲಸ ಮಾಡಲು ಅರ್ಹರಲ್ಲ ಎಂದು ಬಂತು. ಅದಕ್ಕೆ ಆಧಾರವಾದ ನಿಯಮ ಅವಳೇ ಬರೆದ ಸಾಲು. ಆ ಕೋಣೆಗೆ ಮತ್ತೆ ಕಳಿಸಕೂಡದು, ಬೇರೆ ಕೆಲಸ ಕೊಡಬೇಕು. ಮೊದಲರ್ಧ ಹಾಗೆಯೇ ಇತ್ತು. ಎರಡನೆಯ ಅರ್ಧಕ್ಕೆ ಯಾರೋ ಕೆಲವು ಪದ ಸೇರಿಸಿದ್ದರು: ಸತತ ಒಂದು ವರ್ಷದ ಸೇವೆ ಸಲ್ಲಿಸಿದವರಿಗೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ನಾನು ಊರೆಲ್ಲ ಓಡಾಡಿದೆ. ಅಧ್ಯಕ್ಷೆಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಆಕೆ ನಿಜವಾಗಿಯೂ ನೊಂದರು. ಆದರೆ, "ಬರ್ತಿರಲಿಲ್ಲ ಅಂತ ಅವರೇ ಸಭೆಯಲ್ಲಿ ಹೇಳಿದಾರಲ್ಲಮ್ಮ. ಅದು ದಾಖಲಾಗಿದೆ. ನಿಮ್ಮ ಮುಖ್ಯಸ್ಥರಾಗಿದ್ದವರು ಒಂದು ಮಾತು ಬರೆದುಕೊಟ್ಟರೆ ಮತ್ತೆ ಸಭೆ ಕರೀತೀನಿ" ಎಂದರು. ಅಷ್ಟರಲ್ಲಿ ನಮ್ಮ ಮುಖ್ಯಸ್ಥರು ನಿವೃತ್ತರಾಗಿ ಕಣಕಟ್ಟೆಯ ತಮ್ಮ ತೋಟದಲ್ಲಿದ್ದರು. ಹೋದೆ. ಎಳನೀರು ಕೆತ್ತಿಸಿ ಕೈಗೆ ಕೊಟ್ಟರು. ವಿಷಯ ಹೇಳಿದೆ. ಅವರು ತಲೆ ತಗ್ಗಿಸಿದರು.

"ಆಯಮ್ಮ ನನ್ನ ಉಳಿಸಿದ್ಳು, ನನಗೆ ಗೊತ್ತೈತಮ್ಮ" ಎಂದರು. "ಆದ್ರೆ ನನ್ನ ಪೆನ್ಷನ್ ಕಡತ ಇನ್ನೂ ಮೇಲೇ ಐತೆ. ಈಗ ನಾನು ಬರ್ದು ಕೊಟ್ರೆ ಅದನ್ನ ಹಿಡ್ಕೊಂಡು ಕೂತ್ಕೋತಾರೆ. ಸ್ವಲ್ಪ ದಿನ ತಡೀಲಿ. ಆಮೇಲೆ ಖಂಡಿತ ಬರೀತೀನಿ."

"ಸಾರ್, ಅವಳಿಗೆ ಉಸಿರಾಡೋಕೆ ಆಗ್ತಿಲ್ಲ" ಎಂದೆ. ಅವರ ಕಣ್ಣಲ್ಲಿ ನೀರು ಬಂತು. ಅವರು ಅತ್ತದ್ದನ್ನು ನಾನು ಕಣ್ಣಾರೆ ಕಂಡೆ, ಅದಕ್ಕೆ ಪೂರ್ತಿ ದ್ವೇಷಿಸುವುದಕ್ಕೂ ಆಗಲಿಲ್ಲ. ಎಳನೀರನ್ನು ಹಾಗೆಯೇ ಕಟ್ಟೆಯ ಮೇಲಿಟ್ಟು ಎದ್ದು ಬಂದೆ. ಅವರು ಬರೆಯಲಿಲ್ಲ. ಕಡತ ಇತ್ಯರ್ಥವಾದ ಮೇಲೂ ಬರೆಯಲಿಲ್ಲ.

ಹೊಸ ಆದೇಶ ಸಿಗದೆ ಅಕ್ಕ ಕೆಲಸ ಬಿಟ್ಟು ಮನೆ ಸೇರಿದ ಮೇಲೆ ಹುಳದ ಮನೆಯಲ್ಲಿ ನಾನೇ ಹಿರಿಯಳಾದೆ. ಹೊಸ ನಿಯಮದಡಿ ನನಗೆ ಒಂದು ವರ್ಷ ತುಂಬಿತು. ತುಂಬಿದ ದಿನ ಆಫೀಸಿನಿಂದ ಆರೋಗ್ಯ ವಿಮೆಯ ಕಾರ್ಡು ಬಂತು. ಅದನ್ನು ಅಕ್ಕನಿಗೆ ತೋರಿಸುವುದು ಬೇಡ ಎಂದುಕೊಂಡೇ ಬಸ್ತಿಹಳ್ಳಿಗೆ ಹೋಗಿದ್ದೆ. ಭಾವ ಆಗ ಸ್ಟುಡಿಯೋಗೆ ಬೀಗ ಹಾಕಿ ಮನೆಯಲ್ಲೇ ಇರುತ್ತಿದ್ದರು. ಅಕ್ಕ ಊರಿನ ಹಳೆಯ ಬಸದಿಯ ಮುಂದಿನ ಹುಲ್ಲಿನ ಮೇಲೆ ಕುಳಿತಿದ್ದಳು. ಡಾಕ್ಟರು ದಿನಾ ನಡೆಯಲು ಹೇಳಿದ್ದರಂತೆ. ಮನೆಯಿಂದ ಅಲ್ಲಿಯವರೆಗೆ ಬರುವುದರಲ್ಲೇ ಸುಸ್ತಾಗಿ ಸಂಜೆಯವರೆಗೂ ಅಲ್ಲೇ ಕೂತಿರುತ್ತಿದ್ದಳು. ಅರ್ಧ ಇಳಿದುಹೋಗಿದ್ದಳು. ನಗಲು ನೋಡುತ್ತಿದ್ದಳು, ಕೆಮ್ಮಿಗೆ ಹೆದರಿ ಅರ್ಧಕ್ಕೇ ಬಿಡುತ್ತಿದ್ದಳು.

"ಕಾರ್ಡ್ ಬಂತಂತಲ್ಲೇ?" ಎಂದಳು. ಭಾವನಿಗೆ ಯಾರೋ ಹೇಳಿದ್ದರಂತೆ. "ತೋರಿಸು."

ಕೊಟ್ಟೆ. ಜೊತೆಗಿದ್ದ ಪುಸ್ತಿಕೆಯನ್ನೂ ಕೇಳಿ ತೆಗೆದುಕೊಂಡಳು. ಹಾಳೆ ತಿರುಗಿಸುತ್ತ, ಬೆರಳಿಟ್ಟು, ಒಂದು ಸಾಲನ್ನು ನಿಧಾನವಾಗಿ ಓದಿದಳು. ಕೆಲಸದ ಸ್ಥಳದ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಗೆ ಪೂರ್ಣ ಚಿಕಿತ್ಸೆ. "ಇದು ನಾನೇ ಬರ್ದಿದ್ದು" ಎಂದಳು. "ಒಂದಕ್ಷರನೂ ಬದಲಾಯಿಸಿಲ್ಲ ನೋಡೇ." ಅವಳ ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಹೆಮ್ಮೆಪಟ್ಟಿದ್ದಳು. ನಾನು ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತೆ. "ಇದು ನಿಂದು ಅಕ್ಕ. ನಿಂಗೆ ಬರಬೇಕಾಗಿದ್ದು" ಎಂದೆ.

"ಥೂ, ಹುಚ್ಚಿ. ನೀನು ಮಾಸ್ಕ್ ಹಾಕ್ಕೊತೀಯ ತಾನೆ? ಸೆಕೆ ಅಂತ ತೆಗೆದುಬಿಡಬೇಡ" ಎಂದಳು. ಅಷ್ಟು ಮಾತಿಗೇ ಅವಳಿಗೆ ಎರಡು ಸಲ ಉಸಿರು ಸಾಲದೆ ನಿಲ್ಲಬೇಕಾಯಿತು.

ಆ ಚಳಿಗಾಲದಲ್ಲಿ ಅಕ್ಕ ತೀರಿಕೊಂಡಳು. ಹಾಸನದ ದೊಡ್ಡಾಸ್ಪತ್ರೆಯಲ್ಲಿ ಹಾಸಿಗೆ ಸಿಗುವಷ್ಟರಲ್ಲಿ ಕೊನೆಯ ಹಂತಕ್ಕೆ ಬಂದಿತ್ತು. ಸುದ್ದಿ ಕೇಳಿ ಗೆಂಡೆಹಳ್ಳಿಯಿಂದ ಮೂರು ಜನ ರೈತರು ಬಂದಿದ್ದರು. ನಮ್ಮ ತೋಟ ಉಳಿಸಿದ ಹುಳದ ಮೇಡಂ ಎಂದು ಭಾವನ ಕೈ ಹಿಡಿದು ನಿಂತಿದ್ದರು. ವಿಶ್ವವಿದ್ಯಾಲಯದಿಂದ ಯಾರೂ ಬರಲಿಲ್ಲ. ಸಂತಾಪ ಸೂಚಿಸಬೇಕಾದರೆ ಸಿಬ್ಬಂದಿಯಾಗಿರಬೇಕಿತ್ತಂತೆ.

ಮೊನ್ನೆ ನನ್ನ ವಾರ್ಷಿಕ ಪರೀಕ್ಷೆ ಇತ್ತು. ಈಗ ಆಸ್ಪತ್ರೆಯವರೇ ಕೇಂದ್ರಕ್ಕೆ ಯಂತ್ರ ತರುತ್ತಾರೆ, ನಾವು ರಜೆ ಹಾಕಬೇಕಾಗಿಲ್ಲ, ಕೈಯಿಂದ ಒಂದು ಪೈಸೆ ಖರ್ಚಿಲ್ಲ. ಯಂತ್ರ ತಂದಿದ್ದ ಹುಡುಗಿ ಕೊಳವೆಯನ್ನು ನನ್ನ ಬಾಯಿಗಿಟ್ಟು, "ಜೋರಾಗಿ ಊದಿ ಮೇಡಂ, ಇನ್ನೂ, ಇನ್ನೂ" ಎಂದಳು. ಊದಿದೆ. ಉಸಿರು ಸಲೀಸಾಗಿ ಹೋಯಿತು, ನಿಲ್ಲಲೇ ಇಲ್ಲ. ಆಕೆ ಯಂತ್ರ ನೋಡಿ, "ಇಷ್ಟು ವರ್ಷ ಧೂಳಲ್ಲಿದ್ದೂ ನಿಮ್ಮ ಎದೆ ಎಷ್ಟು ಚೆನ್ನಾಗಿದೆ! ಇಲ್ಲಿ ನಿಮ್ಮನ್ನ ತುಂಬಾ ಚೆನ್ನಾಗಿ ನೋಡ್ಕೊಂಡಿದಾರೆ" ಎಂದಳು. ಹೂಂ, ಒಬ್ಬಳು ನೋಡಿಕೊಂಡಳು ಎಂದೆ. ಕೊಳವೆ ಹಿಡಿದುಕೊಂಡೇ ಅತ್ತುಬಿಟ್ಟೆ. ಆಕೆ ಗಾಬರಿಯಾಗಿ, ಏನಾದರೂ ನೋವಾಯಿತಾ ಎಂದು ಕೇಳುತ್ತಲೇ ಇದ್ದಳು.